6ಜಿ ಬರಲಿ ಅಂತ ಕಾಯಬೇಕಾ, ಈಗಲೇ 5ಜಿ ಫೋನ್ ತಗೊಳ್ಳಬೇಕಾ?

ಹೋದ ತಿಂಗಳು ನಮ್ಮ ಚಿಕ್ಕಮ್ಮನ ಫೋನ್ ಕೈಕೊಟ್ಟಿತು. ಐದು ವರ್ಷದ ಹಳೆಯ 4ಜಿ ಫೋನು. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ, ಹನುಮಂತನಗರದಿಂದ ಗಾಂಧಿ ಬಜಾರಿಗೆ ಹೋಗಿ ಬರುವಷ್ಟರಲ್ಲಿ ಕೆಂಪು ಗೆರೆ ತೋರಿಸುತ್ತಿತ್ತು. ಒಂದು ದಿನ ಹೂವಿನವರಿಗೆ ಯುಪಿಐ ಮಾಡುವಾಗಲೇ ಆಫ್ ಆಯಿತು. ಪರ್ಸಿನಲ್ಲಿ ಚಿಲ್ಲರೆ ಇರಲಿಲ್ಲ. ಕಟ್ಟಿಸಿಕೊಂಡಿದ್ದ ಎರಡು ಮೊಳ ಮಲ್ಲಿಗೆ ವಾಪಸ್ ಕೊಟ್ಟು ಬಂದರು.

ಹೊಸದು ತಗೊಳ್ಳಿ ಅಂದೆ. ಅವರ ಮಗ ಬೇಡ ಅಂದ. "ಇನ್ನೇನು 6ಜಿ ಬರ್ತಿದೆ, ಈಗ ತಗೊಂಡ್ರೆ ದುಡ್ಡು ದಂಡ" ಅಂತ ಅವನ ವಾದ. ಈ ಮಾತನ್ನು ನಾನು ಆಫೀಸಿನಲ್ಲೂ ಕೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲೂ ಕೇಳಿದ್ದೇನೆ. ಇದನ್ನು ನಂಬಿ ಎಷ್ಟೋ ಜನ ಒಡೆದ ಸ್ಕ್ರೀನು, ಸತ್ತ ಬ್ಯಾಟರಿ ಇಟ್ಟುಕೊಂಡು ದಿನ ತಳ್ಳುತ್ತಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೆಟ್‌ವರ್ಕಿಗೋಸ್ಕರ ಕಾಯಬೇಡಿ. ಹಾಗಂತ ಡಬ್ಬದ ಮೇಲೆ 5ಜಿ ಅಂತ ಬರೆದಿದೆ ಅನ್ನೋ ಒಂದೇ ಕಾರಣಕ್ಕೆ ಫೋನ್ ತಗೊಳ್ಳಲೂ ಬೇಡಿ. ಮೊದಲು ನಿಮ್ಮ ಮನೆಯೊಳಗೆ ಏನು ಬರುತ್ತಿದೆ ನೋಡಿ. ಆಮೇಲೆ ಅಂಗಡಿಗೆ ಹೋಗಿ.

ಕಾದರೆ ಎಷ್ಟು ದಿನ?

6ಜಿಗೆ ವಿಶ್ವಸಂಸ್ಥೆಯ ದೂರಸಂಪರ್ಕ ಒಕ್ಕೂಟ ಇಟ್ಟಿರುವ ಹೆಸರೇ ಐಎಂಟಿ-2030. ಅದು ಹೇಗಿರಬೇಕು ಅನ್ನುವ ಚೌಕಟ್ಟಿಗೆ ಒಪ್ಪಿಗೆ ಸಿಕ್ಕಿದ್ದು 2023ರ ನವೆಂಬರಿನಲ್ಲಿ. ಯಾವ ತರಂಗಪಟ್ಟಿ (ಸಿಗ್ನಲ್ ಓಡಾಡುವ ರೇಡಿಯೊ ಅಲೆಗಳ ವ್ಯಾಪ್ತಿ) ಕೊಡಬೇಕು ಅಂತ ದೇಶಗಳೆಲ್ಲ ಕೂತು ಮಾತಾಡುವ ಸಮ್ಮೇಳನ 2027ಕ್ಕೆ. ನಮ್ಮ ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಹೊರತಂದ ಭಾರತ್ 6ಜಿ ವಿಷನ್ ಕೂಡ 2030ರ ಮಾತನ್ನೇ ಆಡುತ್ತದೆ. ಅಂದರೆ ಎಲ್ಲ ಅಂದುಕೊಂಡ ಹಾಗೇ ನಡೆದರೂ ಆ ಹೊತ್ತಿಗೆ ಜಗತ್ತಿನಲ್ಲಿ ಎಲ್ಲೋ ಒಂದೆರಡು ಕಡೆ ಶುರುವಾಗಬಹುದು, ಅಷ್ಟೆ.

ಎಲ್ಲೋ ಶುರುವಾಗುವುದಕ್ಕೂ ನಮ್ಮ ಬೀದಿಗೆ ಬರುವುದಕ್ಕೂ ಎಷ್ಟು ಅಂತರ ಅನ್ನೋದಕ್ಕೆ ಹಳೆಯ ಲೆಕ್ಕ ಇದೆ. 3ಜಿ ಜಪಾನಿನಲ್ಲಿ 2001ರಲ್ಲಿ ಬಂತು. ಬೆಂಗಳೂರಿನಲ್ಲಿ ಏರ್‌ಟೆಲ್ 3ಜಿ ಶುರು ಮಾಡಿದ್ದು 2011ರ ಜನವರಿಯಲ್ಲಿ. 4ಜಿ ಸ್ಟಾಕ್‌ಹೋಮ್, ಓಸ್ಲೋಗಳಲ್ಲಿ 2009ರ ಕೊನೆಗೆ ಬಂತು, ಬೆಂಗಳೂರಿಗೆ 2012ರ ಮೇ ತಿಂಗಳಲ್ಲಿ. ಆಗ ನೆನಪಿದೆಯಾ, ಅದು ಬಂದದ್ದು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಡಾಂಗಲ್‌ಗಳಿಗೆ. ಎಲ್ಲರ ಫೋನಿಗೂ 4ಜಿ ಬಂದಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾದ ಮೇಲೆ. 5ಜಿ ದಕ್ಷಿಣ ಕೊರಿಯಾದಲ್ಲಿ 2019ರ ಏಪ್ರಿಲ್‌ನಲ್ಲಿ ಬಂತು. ನಮಗೆ 2022ರ ಅಕ್ಟೋಬರ್. ಬೆಂಗಳೂರಿನ ಅದೃಷ್ಟ ಚೆನ್ನಾಗಿತ್ತು, ಏರ್‌ಟೆಲ್ ಮೊದಲು ಶುರು ಮಾಡಿದ ಎಂಟು ಊರುಗಳಲ್ಲಿ ನಮ್ಮದೂ ಒಂದು. ಜಿಯೊ ನವೆಂಬರ್ 10ಕ್ಕೆ ಬಂತು. ವೊಡಾಫೋನ್ ಐಡಿಯಾದ 5ಜಿ ಇಲ್ಲಿಗೆ ಬರುವ ಹೊತ್ತಿಗೆ 2025 ಆಗಿತ್ತು.

6ಜಿ ಕೆಲಸ ನಡೆಯುತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ 5ಜಿಯ ದೇಶಿ ಟೆಸ್ಟ್‌ಬೆಡ್ (ಹೊಸ ಉಪಕರಣ ಪರೀಕ್ಷಿಸುವ ಜಾಲ) ಕಟ್ಟಿದ ಸಂಸ್ಥೆಗಳಲ್ಲಿ ಒಂದು. ಬಿಎಸ್‌ಎನ್‌ಎಲ್‌ನ 4ಜಿ ಟವರುಗಳಿಗೆ ರೇಡಿಯೊ ಉಪಕರಣ ಮಾಡಿಕೊಟ್ಟ ತೇಜಸ್ ನೆಟ್‌ವರ್ಕ್ಸ್ ಕೂಡ ಬೆಂಗಳೂರಿನದೇ. ನನಗೆ ಇದರ ಬಗ್ಗೆ ನಿಜವಾಗಿಯೂ ಹೆಮ್ಮೆ ಇದೆ. ಆದರೆ ಲ್ಯಾಬಿನಲ್ಲಿ ಆಗುತ್ತಿರುವ ಕೆಲಸವನ್ನು ನಂಬಿಕೊಂಡು ಚಿಕ್ಕಮ್ಮ ನಾಲ್ಕು ವರ್ಷ ಮಲ್ಲಿಗೆ ವಾಪಸ್ ಕೊಡುತ್ತಾ ಇರಲು ಆಗಲ್ಲ ಅಲ್ವಾ?

ಮಧ್ಯದಲ್ಲಿ ಇನ್ನೊಂದು ಹೆಸರು ಕೇಳಿಬರುತ್ತಿದೆ, 5.5ಜಿ ಅಥವಾ 5ಜಿ ಅಡ್ವಾನ್ಸ್‌ಡ್. ಇದರ ಮೊದಲ ಕಂತಿನ ನಿಯಮಗಳು 2024ರಲ್ಲೇ ಸಿದ್ಧವಾದವು. ಇದು ಹೊಸ ತಲೆಮಾರಲ್ಲ, ಇರುವ 5ಜಿಯ ಸುಧಾರಣೆ. ಈಗಿನ 5ಜಿ ಫೋನ್ ಆ ನೆಟ್‌ವರ್ಕಿನಲ್ಲೂ ಕೆಲಸ ಮಾಡುತ್ತದೆ. ಇದಕ್ಕಾಗಿ ಒಂದು ದಿನವೂ ಕಾಯಬೇಕಿಲ್ಲ. ಹಾಗೆಯೇ ಜಾಹೀರಾತಿನ 5ಜಿ ಪ್ಲಸ್, ಟ್ರೂ 5ಜಿ ಇವೆಲ್ಲ ಕಂಪನಿಗಳು ಇಟ್ಟುಕೊಂಡಿರುವ ಹೆಸರು.

ತೀರಾ ಬೇಗ ತಗೊಂಡರೆ ಏನಾಗುತ್ತೆ

ಕಾಯುವುದು ಒಂದು ತಪ್ಪಾದರೆ ಮುಂಚೆಯೇ ಓಡುವುದು ಇನ್ನೊಂದು. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ.

ಭಾರತದಲ್ಲಿ ಮೊದಲ 5ಜಿ ಫೋನ್‌ಗಳು ಬಿಡುಗಡೆಯಾಗಿದ್ದು 2020ರ ಫೆಬ್ರವರಿಯಲ್ಲಿ. ನೆಟ್‌ವರ್ಕ್ ಬಂದಿದ್ದು 2022ರ ಅಕ್ಟೋಬರಿನಲ್ಲಿ. ನಡುವೆ ಎರಡೂವರೆ ವರ್ಷಕ್ಕೂ ಜಾಸ್ತಿ. ನಾನು 2021ರಲ್ಲಿ ಒಂದು 5ಜಿ ಫೋನ್ ತಗೊಂಡೆ. ಅದೇ ಕಂಪನಿಯ 4ಜಿ ಮಾಡೆಲ್ಲಿಗಿಂತ ನಾಲ್ಕು ಸಾವಿರ ಜಾಸ್ತಿ ಕೊಟ್ಟಿದ್ದೆ. ಅಷ್ಟು ಕೊಟ್ಟಿದ್ದಕ್ಕೆ ಕ್ಯಾಮೆರಾ ಒಂಚೂರು ಕೆಳಗಿನದೇ ಸಿಕ್ಕಿತು. ಹೋಗಲಿ, ಮುಂದಕ್ಕೆ ಆಗುತ್ತೆ ಅಂದುಕೊಂಡೆ. 5ಜಿ ಬಂದ ದಿನ ಬಂದ ಉತ್ತರ ಏನು ಗೊತ್ತಾ? ಈ ಫೋನಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಬರಬೇಕು ಅಂತ. ಆ ಅಪ್‌ಡೇಟ್ ಬರಲೇ ಇಲ್ಲ. ಸರ್ವಿಸ್ ಸೆಂಟರಿಗೆ ಮೂರು ಸಲ ಅಲೆದೆ. ಕೊನೆಗೆ ಬ್ಯಾಟರಿ ಉಬ್ಬಿ ಆ ಫೋನ್ ಮೂಲೆ ಸೇರಿತು. ಒಂದು ದಿನವೂ ಅದರಲ್ಲಿ 5ಜಿ ನೋಡಲಿಲ್ಲ.

ದುಬಾರಿ ಫೋನಿನವರಿಗೂ ಕಾಯುವುದು ತಪ್ಪಲಿಲ್ಲ. ಐಫೋನ್ 12 ಬಂದಿದ್ದು 2020ರಲ್ಲಿ. ಭಾರತದಲ್ಲಿ ಅದರೊಳಗಿನ 5ಜಿ ಚಾಲೂ ಆಗಿದ್ದು 2022ರ ಡಿಸೆಂಬರಿನಲ್ಲಿ, ಐಒಎಸ್ 16.2 ಬಂದ ಮೇಲೆ. 6ಜಿಯ ಮೊದಲ ಫೋನ್‌ಗಳಿಗೂ ಇದೇ ಗತಿ ಆಗುವ ಸಾಧ್ಯತೆ ಜಾಸ್ತಿ. ಆದ್ದರಿಂದ 2030ರಲ್ಲಿ 6ಜಿ ಫೋನ್ ಅಂಗಡಿಗೆ ಬಂದರೂ ಅವತ್ತೇ ತಗೊಳ್ಳಬೇಕಾಗಿಲ್ಲ.

ಡಬ್ಬ ತಿರುಗಿಸಿ ನೋಡುವುದು

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 5ಜಿ ಅಂದರೆ ಒಂದೇ ವಸ್ತುವಲ್ಲ. ಅದು ಬೇರೆ ಬೇರೆ ತರಂಗಪಟ್ಟಿಗಳಲ್ಲಿ ಬರುತ್ತದೆ. ಇವನ್ನೇ ಬ್ಯಾಂಡ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಮುಖ್ಯವಾದ 5ಜಿ ಬ್ಯಾಂಡ್ ಎನ್78, ಅಂದರೆ ಸುಮಾರು 3.5 ಗಿಗಾಹರ್ಟ್ಸ್. ಜಿಯೊ ಇದರ ಜೊತೆಗೆ 700 ಮೆಗಾಹರ್ಟ್ಸ್‌ನ ಎನ್28 ಕೂಡ ಬಳಸುತ್ತದೆ. 2022ರ ಹರಾಜಿನಲ್ಲಿ 700 ಅನ್ನು ಕೊಂಡಿದ್ದು ಜಿಯೊ ಒಂದೇ.

ಇವೆರಡರ ವ್ಯತ್ಯಾಸ ಗಣೇಶನ ಹಬ್ಬದ ಪೆಂಡಾಲಿನಿಂದ ಅರ್ಥವಾಗುತ್ತೆ. ಬೀದಿ ಕೊನೆಯಲ್ಲಿ ಆರ್ಕೆಸ್ಟ್ರಾ ನಡೆಯುತ್ತಿರುತ್ತದೆ. ನೀವು ಕಿಟಕಿ, ಬಾಗಿಲು ಹಾಕಿಕೊಂಡು ಮಲಗಿರುತ್ತೀರಿ. ಹಾಡಿನ ಮಾತು ಕೇಳಿಸಲ್ಲ, ಆದರೆ ಡ್ರಮ್ಮಿನ ಧಡ್ ಧಡ್ ಗೋಡೆ ದಾಟಿ ಎದೆಗೆ ಬಡಿಯುತ್ತೆ. ತರಂಗಗಳೂ ಹಾಗೇ. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್ ಉದ್ದ, ದೂರ ಹೋಗುತ್ತೆ, ಗೋಡೆಯೊಳಗೂ ನುಗ್ಗುತ್ತೆ. 3.5 ಗಿಗಾಹರ್ಟ್ಸ್‌ನ ಅಲೆ 9 ಸೆಂಟಿಮೀಟರೂ ಇಲ್ಲ. ಅದರಲ್ಲಿ ವೇಗ ತುಂಬಾ ಜಾಸ್ತಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತೆ. 26 ಗಿಗಾಹರ್ಟ್ಸ್ ಅಂತ ಮೂರನೆಯದೂ ಇದೆ. ಇಲ್ಲಿ ಮಾರುವ ಫೋನುಗಳಲ್ಲಿ ಅದು ಇರುವುದೇ ಅಪರೂಪ. ಅದನ್ನು ಮರೆತುಬಿಡಿ.

ಇಲ್ಲೇ 6ಜಿ ಬಗ್ಗೆಯೂ ಒಂದು ಮಾತು. ಅದಕ್ಕಾಗಿ ಈಗ ಪರಿಶೀಲಿಸುತ್ತಿರುವ ಪಟ್ಟಿಗಳಲ್ಲಿ 7 ಗಿಗಾಹರ್ಟ್ಸ್‌ಗಿಂತ ಮೇಲಿನವು ಇವೆ, 15ರ ಹತ್ತಿರದ್ದೂ ಇದೆ. ಈಗಿನ 5ಜಿಯೇ ನಿಮ್ಮ ಅಡುಗೆಮನೆಗೆ ಬರುತ್ತಿಲ್ಲ ಅಂದರೆ, ಅದಕ್ಕಿಂತ ಚಿಕ್ಕ ಅಲೆ ಬಂದು ಉದ್ಧಾರ ಮಾಡುತ್ತೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ.

ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಚಿಕ್ಕಮ್ಮನಿಗೆ ಫೋನ್ ನೋಡುತ್ತಿದ್ದೆವು. ಎರಡು ಫೋನ್, ಬೆಲೆ ಹೆಚ್ಚುಕಡಿಮೆ ಒಂದೇ. ಒಂದರ ಡಬ್ಬದ ಮೇಲೆ ಕ್ಯಾಮೆರಾ ಬಗ್ಗೆ ದೊಡ್ಡ ಅಕ್ಷರ. ಅಂಗಡಿಯ ಹುಡುಗ ಅದನ್ನೇ ಮುಂದೆ ತಳ್ಳುತ್ತಿದ್ದ. "ಬ್ಯಾಂಡ್ ಪಟ್ಟಿ ತೋರಿಸಪ್ಪ" ಅಂದೆ. ಡಬ್ಬ ತಿರುಗಿಸಿದ, ಅಲ್ಲಿರಲಿಲ್ಲ. ಪಾಪ, ಕಂಪನಿಯ ಪುಟ ತೆರೆದು ತನ್ನ ಫೋನಿನಲ್ಲೇ ತೋರಿಸಿದ. ಒಂದರಲ್ಲಿ ಎನ್28 ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಚಿಕ್ಕಮ್ಮನದು ಜಿಯೊ ಸಿಮ್, ಮನೆ ನೆಲಮಹಡಿ. ಅಲ್ಲಿಗೆ ಯಾವುದು ಅಂತ ತೀರ್ಮಾನ ಆಯಿತು.

ಇನ್ನೊಂದು ಅಕ್ಷರ ನೋಡಿಕೊಳ್ಳಿ: ಎಸ್‌ಎ ಮತ್ತು ಎನ್‌ಎಸ್‌ಎ. ಜಿಯೊದ 5ಜಿ ತನ್ನ ಕಾಲ ಮೇಲೆ ತಾನೇ ನಿಂತ ಜಾಲ, ಅದು ಎಸ್‌ಎ. ಏರ್‌ಟೆಲ್ ಶುರು ಮಾಡಿದ್ದು 4ಜಿ ಆಧಾರದ ಮೇಲೆ ನಿಂತ ಎನ್‌ಎಸ್‌ಎ ಜಾಲವನ್ನು. ಫೋನಿನಲ್ಲಿ ಎರಡೂ ಇದ್ದರೆ ಸಿಮ್ ಬದಲಾಯಿಸುವಾಗ ತಲೆನೋವು ಇರಲ್ಲ. ಈಚಿನ ಹೊಸ ಫೋನುಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. 2020, 2021ರ ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳುವವರು ಮಾತ್ರ ಕೇಳಿಯೇ ತಗೊಳ್ಳಿ. ನಾನು ಸಿಕ್ಕಿಬಿದ್ದಿದ್ದು ಇಲ್ಲೇ.

ಊರು ಮಲೆನಾಡಿನ ಕಡೆ ಇದ್ದು ಬಿಎಸ್‌ಎನ್‌ಎಲ್ ಸಿಮ್ ಇಟ್ಟುಕೊಂಡಿರುವವರಿಗೆ ಒಂದು ಕಿವಿಮಾತು. ಬಿಎಸ್‌ಎನ್‌ಎಲ್‌ನ ಹೊಸ 4ಜಿ 2025ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಉದ್ಘಾಟನೆ ಆಯಿತು. ಅದೂ 700 ಮೆಗಾಹರ್ಟ್ಸ್ ಬಳಸುತ್ತದೆ. 4ಜಿ ಪಟ್ಟಿಯಲ್ಲಿ ಬಿ28 ಅಂತ ಇದೆಯಾ ನೋಡಿ. ಬೆಂಗಳೂರಿನಲ್ಲಿ ತಗೊಂಡ ಫೋನ್ ದೀಪಾವಳಿಗೆ ಊರಿಗೂ ಬರುತ್ತೆ ಅಲ್ವಾ.

ಮನೆಯೊಳಗೆ ಒಂದು ಸುತ್ತು

ಫೋನ್ ಕೊಳ್ಳುವ ಮುಂಚೆ ಇದನ್ನೊಂದು ಮಾಡಿ, ಹತ್ತು ನಿಮಿಷದ ಕೆಲಸ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ, ಸಿಮ್ ಸ್ಟೇಟಸ್ ಒತ್ತಿ. ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಮೈನಸ್ ಸಂಖ್ಯೆ ಇರುತ್ತೆ, ಪಕ್ಕದಲ್ಲಿ ಡಿಬಿಎಂ ಅನ್ನುವ ಅಳತೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 80ರ ಆಸುಪಾಸು ಇದ್ದರೆ ಚೆನ್ನಾಗಿದೆ. 100 ದಾಟಿದರೆ ಎಳೆದಾಟ. 110 ದಾಟಿದರೆ ಮಾತು ತುಂಡು ತುಂಡು.

ಚಿಕ್ಕಮ್ಮನ ಮನೆಯಲ್ಲಿ ನನ್ನ ಫೋನ್ ಹಿಡಿದು ನಡೆದೆ. ಗೇಟಿನ ಹತ್ತಿರ ಮೈನಸ್ 84. ಹಾಲ್‌ನಲ್ಲಿ ಮೈನಸ್ 98. ದೇವರಮನೆ ದಾಟಿ ಅಡುಗೆಮನೆಗೆ ಹೋದರೆ ಮೈನಸ್ 113. ಮೇಲೆ 5ಜಿ ಅಂತ ತೋರಿಸುತ್ತಲೇ ಇತ್ತು! ಅವರು ದಿನದಲ್ಲಿ ಅರ್ಧ ಹೊತ್ತು ಇರುವುದೇ ಅಡುಗೆಮನೆಯಲ್ಲಿ. ಮಗಳ ಕರೆ ಬಂದಾಗೆಲ್ಲ ಒಲೆ ಸಣ್ಣ ಮಾಡಿ ವರಾಂಡಕ್ಕೆ ಓಡುತ್ತಿದ್ದರು. ಎಷ್ಟೋ ವರ್ಷದಿಂದ ಹೀಗೇ. ಯಾರೂ ಗಮನಿಸಿರಲಿಲ್ಲ, ನಾನೂ ಗಮನಿಸಿರಲಿಲ್ಲ. ಅದು ನನಗೆ ಬೇಜಾರಾಯಿತು.

ಇದಕ್ಕೆ ಮದ್ದು 6ಜಿ ಅಲ್ಲ, ವೈಫೈ ಕಾಲಿಂಗ್. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಕರೆ ಅದರ ಮೂಲಕವೇ ಹೋಗುತ್ತೆ. ಒಂದರ ಮೇಲೊಂದು ಕಾಂಕ್ರೀಟ್ ಪೇರಿಸಿದ ಅಪಾರ್ಟ್‌ಮೆಂಟುಗಳಲ್ಲಿ, ಬೇಸ್‌ಮೆಂಟ್ ಆಫೀಸುಗಳಲ್ಲಿ ಇರುವವರಿಗೆ ಫೋನಿನ ಉಳಿದ ಎಲ್ಲ ಗುಣಕ್ಕಿಂತ ಇದೊಂದು ಮುಖ್ಯ. ನಿಮ್ಮ ಸಿಮ್ ಕಂಪನಿಯ ವೈಫೈ ಕಾಲಿಂಗ್ ಈ ಮಾಡೆಲ್ಲಿನಲ್ಲಿ ನಡೆಯುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ಹಾಗಾದರೆ 4ಜಿ ಫೋನೇ ಸಾಕಾ?

ಕೆಲವರಿಗೆ ಸಾಕು. ಯುಪಿಐಗೆ ಬೇಕಾಗುವ ಡೇಟಾ ಬಹಳ ಚಿಕ್ಕದು. ಹೆಚ್‌ಡಿ ವಿಡಿಯೊಗೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು. ಒಳ್ಳೆಯ 4ಜಿ ಅದನ್ನು ಸುಲಭವಾಗಿ ಕೊಡುತ್ತೆ. 4ಜಿ ಮುಚ್ಚಿಹೋಗುತ್ತೆ ಅನ್ನುವ ಭಯವೂ ಸದ್ಯಕ್ಕೆ ಬೇಡ. 2011ರಲ್ಲಿ ಬಂದ ಏರ್‌ಟೆಲ್ 3ಜಿ 2020ರಲ್ಲಿ ಮುಚ್ಚಿತು, ಅದಕ್ಕಿಂತ ಹಳೆಯ 2ಜಿ ಆಮೇಲೂ ಉಳಿಯಿತು. ಎನ್‌ಎಸ್‌ಎ 5ಜಿ ನಿಂತಿರುವುದೇ 4ಜಿ ಮೇಲೆ.

ಆದರೂ ಹೊಸದಾಗಿ ಕೊಳ್ಳುವುದಾದರೆ ನಾನು 5ಜಿ ಕಡೆಗೇ ಕೈ ತೋರಿಸುತ್ತೇನೆ. ಕಾರಣ ಒಂದು ಸಂಜೆ ಬಸವನಗುಡಿಯಲ್ಲಿ ಕಂಡದ್ದು.

ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇಲ್ಲ. ನಾನು, ನನ್ನ ಗೆಳೆಯ ಇಬ್ಬರೂ ಒಂದೊಂದು ಸೇರು ಕಡಲೆಕಾಯಿ ತಗೊಂಡೆವು. ಇಬ್ಬರದೂ ಒಂದೇ ಕಂಪನಿಯ ಸಿಮ್. ಅವನದು 4ಜಿ ಫೋನ್, ನನ್ನದು 5ಜಿ. ನಾನು ಸ್ಕ್ಯಾನ್ ಮಾಡಿದೆ, ಹೋಯಿತು. ಅವನ ಪರದೆ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹಿಂದೆ ಜನ ತಳ್ಳುತ್ತಿದ್ದರು, ಮಾರುವ ಅಜ್ಜಿ ಸೇರು ಹಿಡಿದು ಕಾಯುತ್ತಿದ್ದರು. ಕೊನೆಗೆ ಅವನದನ್ನೂ ನಾನೇ ಕೊಟ್ಟೆ.

ಇದರ ಹಿಂದೆ ಸರಳ ಲೆಕ್ಕ ಇದೆ. 4ಜಿಯ ಒಂದು ದಾರಿ ಹೆಚ್ಚೆಂದರೆ 20 ಮೆಗಾಹರ್ಟ್ಸ್ ಅಗಲ. 3.5 ಗಿಗಾಹರ್ಟ್ಸ್‌ನ 5ಜಿ ದಾರಿ 100 ಮೆಗಾಹರ್ಟ್ಸ್‌ವರೆಗೂ ಇರಬಹುದು. ಮೇಲಾಗಿ ಹಳೆಯ ಫೋನುಗಳೆಲ್ಲ 4ಜಿಯಲ್ಲೇ ಕಿಕ್ಕಿರಿದಿವೆ. ಮೆಜೆಸ್ಟಿಕ್, ಚಿನ್ನಸ್ವಾಮಿ ಸ್ಟೇಡಿಯಂ, ಸಂಜೆಯ ಮೆಟ್ರೊ, ಇಂಥ ಕಡೆ 5ಜಿಯ ಉಪಯೋಗ ವೇಗ ಅಲ್ಲ, ಜಾಗ.

ರೀಚಾರ್ಜ್ ಮಾತ್ರ ನೋಡಿಕೊಳ್ಳಿ. 2024ರ ಜುಲೈನಲ್ಲಿ ದರ ಏರಿಸಿದಾಗ ಜಿಯೊ, ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ನೀವು ಹಾಕಿಸುವ ಪ್ಲಾನ್ ಸಣ್ಣದಾದರೆ 5ಜಿ ಫೋನಿನ ಲಾಭ ಅಷ್ಟಕ್ಕಷ್ಟೆ.

ಹೊಸ ಅಗ್ಗದ್ದೋ, ಹಳೆಯ ದುಬಾರಿಯದೋ

ಹದಿನೈದು ಸಾವಿರದೊಳಗೆ ಹೊಸ ಫೋನ್ ತಗೊಳ್ಳೋದಾ, ಅದೇ ದುಡ್ಡಿಗೆ ಮೂರು ವರ್ಷದ ಹಳೆಯ ದುಬಾರಿ ಫೋನ್ ತಗೊಳ್ಳೋದಾ? ಕ್ಯಾಮೆರಾ ಬೇಕಾದವರಿಗೆ ಹಳೆಯ ದುಬಾರಿಯದು ಆಸೆ ಹುಟ್ಟಿಸುತ್ತೆ. ಬ್ಯಾಂಡುಗಳೂ ಅದರಲ್ಲಿ ಸಾಮಾನ್ಯವಾಗಿ ಧಾರಾಳ. ನೋಡಬೇಕಾದ್ದು ಎರಡು: ಬ್ಯಾಟರಿ, ಅಪ್‌ಡೇಟ್. ಐಫೋನ್ 14ರವರೆಗಿನ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆದಮೇಲೆ ಶೇ 80ಕ್ಕೆ ಇಳಿಯುವ ಲೆಕ್ಕದಲ್ಲಿ ಮಾಡಿದ್ದು ಅಂತ ಆಪಲ್ಲೇ ಹೇಳುತ್ತೆ. ದಿನಕ್ಕೊಂದು ಚಾರ್ಜ್ ಅಂದರೆ ಒಂದೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ. ಹೊಸ ಬ್ಯಾಟರಿ ಹಾಕಿಸುವ ಖರ್ಚು ಸೇರಿಸಿಯೇ ಬೆಲೆ ಹೋಲಿಸಿ.

ಅಪ್‌ಡೇಟ್ ವಿಷಯದಲ್ಲಿ ಈಚೆಗೆ ಪರಿಸ್ಥಿತಿ ತುಂಬಾ ಸುಧಾರಿಸಿದೆ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಇವಕ್ಕೆ 7 ವರ್ಷದ ಭರವಸೆ ಇದೆ. ಗ್ಯಾಲಕ್ಸಿ ಎ16 5ಜಿಯಂಥ ಸಾಧಾರಣ ಫೋನಿಗೂ 6 ವರ್ಷ ಕೊಟ್ಟಿದ್ದಾರೆ. ಅಂದರೆ ಇವತ್ತು ಸರಿಯಾಗಿ ಆರಿಸಿದ ಫೋನ್ 6ಜಿ ಶುರುವಾಗುವ ಹೊತ್ತಿಗೂ ಬ್ಯಾಂಕ್ ಆ್ಯಪ್‌ಗಳಿಗೆ ಸುರಕ್ಷಿತವಾಗಿಯೇ ಇರುತ್ತೆ. ನಾನು ಕಾಯಬೇಡಿ ಅನ್ನೋದಕ್ಕೆ ಇದು ದೊಡ್ಡ ಕಾರಣ. ಇನ್ನೊಂದು, ಕಾದರೆ ಬೆಲೆ ಇಳಿಯುತ್ತೆ ಅನ್ನುವ ಹಳೆಯ ನಂಬಿಕೆ ಈಗ ನಡೆಯುತ್ತಿಲ್ಲ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ, ಅದರ ಬಿಸಿ ಫೋನುಗಳಿಗೂ ತಟ್ಟಿದೆ.

ಅಮೆರಿಕದಲ್ಲಿರುವ ಅಣ್ಣನೋ ತಂಗಿಯೋ ಬರುವಾಗ ಐಫೋನ್ ತರಿಸುವವರು ಬೆಂಗಳೂರಿನಲ್ಲಿ ಬಹಳ. 14ರಿಂದ ಮುಂದಿನ ಅಲ್ಲಿಯ ಮಾಡೆಲ್ಲುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಕೂತಿರುವ ಇ-ಸಿಮ್ ಮಾತ್ರ. ಅಪ್ಪ ಅಮ್ಮನಿಗೆ ಕೊಡುವುದಾದರೆ ಎರಡು ಸಲ ಯೋಚಿಸಿ. ಫೋನ್ ಕೆಟ್ಟಾಗ ಸಿಮ್ ತೆಗೆದು ಬೇರೆಯದಕ್ಕೆ ಹಾಕಿಕೊಳ್ಳುವ ಸುಲಭ ದಾರಿ ಅವರಿಗೆ ಇರಲ್ಲ.

ಕಾಯಬಹುದಾದವರು

ಇದ್ದಾರೆ. ನಿಮ್ಮ ಕೈಯಲ್ಲಿ 2022ರ ನಂತರದ 5ಜಿ ಫೋನ್ ಇದ್ದು, ಅಪ್‌ಡೇಟ್ ಇನ್ನೂ ಬರುತ್ತಿದ್ದರೆ ಸುಮ್ನೆ ಇರಿ. ಬ್ಯಾಟರಿ ಸೋತಿದ್ದರೆ ಬ್ಯಾಟರಿ ಮಾತ್ರ ಬದಲಾಯಿಸಿ. ನಮ್ಮ ಅಪ್ಪನ ಫೋನಿಗೆ ಹಾಗೇ ಮಾಡಿಸಿದೆ, ಈಗ ಸಂಜೆ ವಾಕಿಂಗಿಗೆ ಹೋಗುವಾಗ ಪವರ್ ಬ್ಯಾಂಕ್ ಹೊರುವುದು ನಿಲ್ಲಿಸಿದ್ದಾರೆ. ಇಂಥವರು ಆರಾಮಾಗಿ 2030 ದಾಟಿಸಿ, 6ಜಿ ನಿಮ್ಮ ಬೀದಿಗೆ ಬಂದು ವರ್ಷ ಆದಮೇಲೆ ಹೊಸದನ್ನು ನೋಡಬಹುದು.

ಚಿಕ್ಕಮ್ಮ ಕಾಯಲಿಲ್ಲ. ಎನ್28 ಇದ್ದ ಆ ಫೋನನ್ನೇ ತಗೊಂಡರು, ಹದಿಮೂರು ಸಾವಿರ ಚಿಲ್ಲರೆ. ಅಂಗಡಿಯಲ್ಲೇ ಅವರ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಿದೆವು. ಮನೆಗೆ ಬಂದು ವೈಫೈ ಕಾಲಿಂಗ್ ಆನ್ ಮಾಡಿಕೊಟ್ಟೆ. ಮೊನ್ನೆ ಫೋನ್ ಮಾಡಿದ್ದರು. ಮಾತಿನ ಹಿಂದೆ ಒಗ್ಗರಣೆ ಚಟಪಟ ಅನ್ನೋ ಸದ್ದು ಕೇಳಿಸುತ್ತಿತ್ತು.